ಬೆನ್ನು ಬಲ್ಲವನು

ಹನ್ನೊಂದು ಮಳೆಗಾಲ ನಾನು ನೋಡಿದ್ದು ಅವನ ಬೆನ್ನು.
ಮುಖ ಹೇಗಿತ್ತೆಂದು ಕೇಳಿದರೆ ತಡವರಿಸುತ್ತೇನೆ.
ಬೆನ್ನಾದರೆ ಈಗಲೂ ಕಣ್ಣು ಮುಚ್ಚಿ ಬರೆದುಕೊಟ್ಟೇನು:
ನಾಲ್ಕರ ಅಂಕೆ, ಒಗೆದೂ ಒಗೆದೂ ಅದರ ಕಾಲು ಸುಲಿದದ್ದು,
ಎಡಭುಜ ಬಲಕ್ಕಿಂತ ಅರೆಬೆರಳು ಕೆಳಗೆ,
ಚೆಂಡು ಹೊರಳುವ ಮುನ್ನ
ಕತ್ತಿನ ಬುಡದಲ್ಲೊಂದು ನರ ತಾನೇ ಹೊರಳುವುದು.
ಗೋಲು ಕಾಯುವವನಿಗೆ ಅಷ್ಟು ಸಾಕು.

ಅವನ ಉಮ್ಮ ಇಟ್ಟ ಹೆಸರು ಹಂಝ.
ಸಿದ್ದಾಪುರದ ಕನ್ನಡ ಶಾಲೆಯ ರಿಜಿಸ್ಟರು
ಅದಕ್ಕೆ ರೆಕ್ಕೆ ಕಟ್ಟಿ ಹಂಸ ಮಾಡಿತು.
ಹಕ್ಕಿಯ ಹೆಸರು, ಎಮ್ಮೆಯ ಕಾಲು! ತರಗತಿಯೆಲ್ಲ ನಗು.
ನಾನು ನಗಲಿಲ್ಲ.
ಹಾಲು ನೀರು ಬೇರೆ ಮಾಡುತ್ತಂತೆ ಆ ಹಕ್ಕಿ;
ಇವನು ಕಾಲನ್ನು ಸೋಕದೆ
ಕಾಲಿಂದ ಚೆಂಡು ಬೇರೆ ಮಾಡುತ್ತಿದ್ದ.
ಎದುರಿನವನು ಇನ್ನೂ ನಾಲ್ಕು ಹೆಜ್ಜೆ ಓಡುತ್ತಿದ್ದ,
ತನ್ನಲ್ಲಿಲ್ಲದ್ದನ್ನು ಜೋಪಾನವಾಗಿ ತಳ್ಳಿಕೊಂಡು.

ಕಲಿತದ್ದು ತೋಟದ ಕಾಫಿ ಕಣದಲ್ಲಿ.
ಮೈದಾನದಲ್ಲಿ ಸಂಜೆಯೆಲ್ಲ ಹಾಕಿ. ಕೋಲಿಲ್ಲದ ನಾವು
ಲೈನ್‌ಮನೆ ಹುಡುಗರು.
ಕಣವೆಂದರೆ ಸಿಮೆಂಟು: ಜಾರಿದರೆ
ತೊಡೆಯ ತೊಗಲು ಅಲ್ಲೇ ಒಣಗಬೇಕು.
ಹಾಗಾಗಿ ಹಂಸ ಎಂದೂ ಜಾರಲಿಲ್ಲ, ಗೋವದ ಹುಲ್ಲಿನಲ್ಲೂ,
ಕೋಲ್ಕತ್ತದ ಮೊಣಕಾಲುದ್ದ ಕೆಸರಿನಲ್ಲೂ.
ನಿಂತೇ ಕಾದ, ನಿಂತೇ ಸಂಬಳ ಎಣಿಸಿದ.
ಕ್ಲಬ್ಬು ಬದಲಾದಾಗೆಲ್ಲ ಒಂದೇ ಷರತ್ತು:
ಹಿಂದೆ ದೇರಣ್ಣ ಇರಬೇಕು.
ದೇರಣ್ಣ ಅಂದರೆ ನಾನು.

ಹೊಡೆದವರ ಹೆಸರು ಅಚ್ಚಾಗುತ್ತದೆ, ತಡೆದವರದ್ದಲ್ಲ.
ಅವನ ಹೆಸರು ಪೇಪರಿಗೆ ಬಂದದ್ದು ಒಂದೇ ಸಲ.
ಸೆಮಿಫೈನಲ್, ಎಂಬತ್ತೆಂಟನೇ ನಿಮಿಷ, ತುಂತುರು,
ಎಡಗಡೆಯಿಂದ ತೂಗಿ ಬಂದ ಚೆಂಡು.
ನಾನು ಗೂಡು ಬಿಟ್ಟು ಮುಂದೆ ಬಂದಿದ್ದೆ.
'ನಂದು' ಎಂದು ಕೂಗಬೇಕಿತ್ತು. ಎರಡಕ್ಷರ.
ಗಂಟಲಿಗೆ ಏನು ಅಡ್ಡ ಬಂತೋ.
ಅವನು ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು?
ಹಿಂದೆ ನಾನಿದ್ದೇನೆಂದು
ಹಣೆಯಿಂದ ಮೆಲ್ಲಗೆ, ನನಗೆಂದೇ, ಹಿಂದಕ್ಕೆ ಕೊಟ್ಟ.
ಚೆಂಡು ಗುರುತಿಲ್ಲದವನ ಹಾಗೆ
ನನ್ನ ಪಕ್ಕದಲ್ಲೇ ದಾಟಿ ಬಲೆಗೆ ಹೋಯಿತು.

ಕೀಪರ್ ಕೂಗಿದನಾ? ಮ್ಯಾನೇಜರ್ ಕೇಳಿದರು.
ಬೂಟಿನ ಒದ್ದೆ ಲೇಸು ಹಲ್ಲಿಂದ ಬಿಚ್ಚುತ್ತ ಹಂಸ ಹೇಳಿದ:
ಕೂಗಿದ. ನನಗೆ ಕೇಳಿಸಲಿಲ್ಲ.

ಆ ಮಾತನ್ನು ನಾವು ಮತ್ತೆ ಎತ್ತಿಲ್ಲ.
ಎರಡು ಸಲ ಮೊಣಕಾಲು ಕೊಯ್ಸಿಕೊಂಡು,
ಬಾಣ ಚುಕ್ಕೆ ಬಿಡಿಸುವ ಪರೀಕ್ಷೆ ಮೂರನೇ ಸಲಕ್ಕೆ ಪಾಸಾಗಿ,
ಕೊರಳಲ್ಲಿ ಸೀಟಿ ಹಾಕಿಕೊಂಡು ಊರಿಗೆ ಬಂದ.
ಕಾಫಿ ಎತ್ತಿ ಕಣ ಖಾಲಿಯಾದ ದಿನದಿಂದ ಪಾಠ.
ಇಪ್ಪತ್ತಾರು ಮಕ್ಕಳು, ಹದಿನಾಲ್ಕು ಜೊತೆ ಬೂಟು.
ಕೆರೆ ಕಡೆ ಆನೆ ಇಳಿದ ಸುದ್ದಿ ಬಂದರೆ ಆರಕ್ಕೇ ಬಿಡಬೇಕು;
ಲೈನಿಗೆ ಮುಟ್ಟಿಸಲು ನನ್ನ ಜೀಪು.

ಮೊದಲ ವಾರ ಚೆಂಡು ಮೂಟೆಯೊಳಗೇ.
ಎರಡು ಕಲ್ಲಿನ ನಡುವೆ ರುಬುಲ್‌ನನ್ನು ನಿಲ್ಲಿಸುತ್ತಾನೆ.
ಅಸ್ಸಾಮಿನಿಂದ ಅಪ್ಪ ಅಮ್ಮನ ಜೊತೆ ಬಂದ ಹುಡುಗ,
ಕನ್ನಡ ಬಾರದು.
ಅವನಿಗೆ ಬೆನ್ನು ಹಾಕಿ, ಆರು ಹೆಜ್ಜೆ ಮುಂದೆ ನಿಂತು
ಹಂಸ ಹೇಳುತ್ತಾನೆ: ನನಗೆ ಹಿಂದೆ ಕಣ್ಣಿಲ್ಲ. ಕೂಗು.
ಹುಡುಗ ಗೊಣಗುತ್ತಾನೆ.
ಕೇಳಿಸಲಿಲ್ಲ.
ಹುಡುಗ ಕೂಗುತ್ತಾನೆ.
ಕೇಳಿಸಲಿಲ್ಲ.
ಕೊನೆಗೆ ಸಿಲ್ವರ್ ಮರದ ಕಾಗೆಗಳು ಏಳುವ ಹಾಗೆ, 'ನೊಂದು!'
ಅವನ ನಾಲಿಗೆಗೆ ಅದು ಹಾಗೆಯೇ ಹೊರಳುವುದು.
ಉಳಿದ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.
ಹಂಸ ತಿದ್ದುವುದಿಲ್ಲ.
ಸರಿ, ಅನ್ನುತ್ತಾನೆ. ಈಗ ಕೇಳಿಸಿತು.

ನಾಲ್ಕಿಲ್ಲದ ಆ ಅಂಗಿಯ ಬೆನ್ನನ್ನೇ ನೋಡುತ್ತ
ಜೀಪಿನ ಹಾರ್ನ್ ಒತ್ತುತ್ತೇನೆ,
ಬೇಕಾದ್ದಕ್ಕಿಂತ ಉದ್ದ.
ಆರಾಯಿತು.